ಮಲ್ಲಣ್ಣನ ಬರಿಗಾಲು ಮತ್ತು ಬ್ರೇಕಿನ ರಬ್ಬರು

ಸುರಪುರ–ದೇವಾಪುರದ ನಡುವೆ ಜೀಪು ಹೊಡೆಯುವ ಮಲ್ಲಣ್ಣನನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ಸ್ಟ್ಯಾಂಡಿನ ಬೇವಿನ ಮರದ ಬುಡದಲ್ಲಿ ಒಂದು ಜೊತೆ ಚಪ್ಪಲಿ ಒಂಟಿಯಾಗಿ ಕೂತಿದ್ದನ್ನು ನೋಡಿದ್ದರೆ ಅದು ಅವನದೇ. ಒಡೆಯ ಟ್ರಿಪ್ಪಿಗೆ ಹೋಗಿದ್ದಾನೆ ಎಂದು ಅರ್ಥ. ಗಾಡಿ ಅಂದರೆ ಮಲ್ಲಣ್ಣನಿಗೆ ಸಾಕ್ಷಾತ್ ಲಕ್ಷ್ಮಿ. ಲಕ್ಷ್ಮಿಯ ಮೇಲೆ ಚಪ್ಪಲಿಗಾಲು ಇಡುವುದುಂಟೇ? ಗಾಡಿ ತಂದ ದಿನವೇ ಮೌನೇಶ್ವರನ ಮುಂದೆ ನಿಂತು, ಬರಿಗಾಲಲ್ಲೇ ಹೊಡೆಯುತ್ತೇನೆಂದು ಆಣೆ ಮಾಡಿದ್ದ.

ಆಣೆ ಮಾಡಿ ಸುಮ್ಮನಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅದನ್ನೊಂದು ವಿದ್ಯೆ ಅಂತ ಮೆರೆಸಿದ. ಬೂಟು ಹಾಕಿಕೊಂಡ ಡ್ರೈವರ್ ಕಣ್ಣಿಗೆ ಬಿದ್ದರೆ ಸಾಕು, ಶುರು:

"ಬೂಟು ಹಾಕ್ಕೊಂಡು ಗಾಡಿ ಹೊಡಿಯೋದಂದ್ರ ಕೈಗಿ ಕಾಲಚೀಲ ಏರಿಸ್ಕೊಂಡು ರೊಟ್ಟಿ ಬಡದಂಗ. ಬರಿಗಾಲಿಟ್ಟು ನೋಡ್ರಿ, ಗಾಡಿ ನಾಡಿ ಸಿಗ್ತದ!"

ನಾಡಿ ಹಿಡಿದೂ ಹಿಡಿದೂ ಪೆಡಲಿನ ರಬ್ಬರು ಸವೆಯುತ್ತ ಬಂತು. ಮೊದಲು ಗೆರೆಗಳು ಹೋದವು. ಆಮೇಲೆ ಬೋಳು ತಲೆಯ ಹಾಗೆ ನುಣ್ಣಗಾಯಿತು. ಈ ಸಲ ಶಿವರಾತ್ರಿ ಕಳೆಯುವಷ್ಟರಲ್ಲಿ ನಡುವೆ ಹರಿದು ಕಬ್ಬಿಣ ಹಣಿಕಿ ಹಾಕಿತು. ಇನ್ನು ನಮ್ಮ ಕಡೆಯ ಬಿಸಿಲು ಗೊತ್ತಲ್ಲ. ಮೇಲೆ ಸೂರ್ಯ, ಕೆಳಗೆ ಇಂಜಿನ್ನು, ನಡುವೆ ಮಲ್ಲಣ್ಣನ ಅಂಗಾಲು. ಯುಗಾದಿಯ ಹೊತ್ತಿಗೆ ಮಧ್ಯಾಹ್ನದ ಟ್ರಿಪ್ಪಿನಲ್ಲಿ ಬ್ರೇಕ್ ಒತ್ತಿ ಹಿಡಿಯುವುದು ಅವನಿಂದಾಗಲಿಲ್ಲ. ಮುಟ್ಟುತ್ತಿದ್ದ, ಕಾಲೆತ್ತುತ್ತಿದ್ದ, ಮತ್ತೆ ಮುಟ್ಟುತ್ತಿದ್ದ, ಮತ್ತೆ ಎತ್ತುತ್ತಿದ್ದ. ಜೀಪು ಕುಣಿಯುತ್ತ ನಿಲ್ಲುತ್ತಿತ್ತು. ಒಳಗೆ ಕೂತವರ ತಲೆಗಳೆಲ್ಲ ಒಟ್ಟಿಗೆ, ಯಾರೋ ಏನೋ ಕೇಳಿದಂತೆ, ಹೌದು ಹೌದು ಎಂದು ತೂಗುತ್ತಿದ್ದವು.

"ಮಲ್ಲಣ್ಣ ಕುಡಿಯಾಕತ್ತಾನ" ಎಂದು ಯಾರೋ ಅಂದರು. ಸ್ಟ್ಯಾಂಡಿನಲ್ಲಿ ಅಂದ ಮಾತು ಸಂಜೆಯೊಳಗೆ ಊರು ಸುತ್ತಿತು.

ಕೊರಳಲ್ಲಿ ಲಿಂಗ ಕಟ್ಟಿದ, ಹೆಂಡದ ವಾಸನೆ ಬಂದರೂ ಮೂಗು ಮುಚ್ಚುವ ಮನುಷ್ಯ! ಕಾಲು ಸುಡುತ್ತದೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಬೂಟಿನವರ ಮುಂದೆ ಹಾಗೆ ಹೇಳುವುದು ಹೇಗೆ? ಕದ್ದುಮುಚ್ಚಿ ಪೆಡಲಿಗೆ ಒದ್ದೆ ಗೋಣಿಚೀಲದ ತುಂಡು ಸುತ್ತಿದ. ಅದು ಅರ್ಧ ದಾರಿಯಲ್ಲಿ ಒಣಗಿ, ಕಾದು, ಕಮಟು ವಾಸನೆ ಬಿಟ್ಟಿತು. ಹಿಂದಿನ ಸೀಟಿನವರು ಮೂಗರಳಿಸಿ, "ಇದು ಯಾವ ಮಾಲಪಾ, ಹೊಸಾದು?" ಎಂದು ಒಬ್ಬರನ್ನೊಬ್ಬರು ಕೇಳಿದರು.

ದೇವಾಪುರದ ಶಾಲೆಗೆ ದಿನಾ ಅವನ ಜೀಪಿನಲ್ಲೇ ಹೋಗಿಬರುವ ಸುನಿತಾ ಟೀಚರ್ ಕೊನೆಗೆ ಹೇಳಿಯೇಬಿಟ್ಟರು: "ಮಲ್ಲಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಡಿದ್ದಿನಿಂದ ನಮ್ಮ ಸಾಲಿಯವರೆಲ್ಲ ಬಸ್ಸಿಗೇ ಹೋಗ್ತೀವ್ರಿ."

ಈ ಸುದ್ದಿ ನಳದ ಕಟ್ಟೆಯಲ್ಲಿ ಹೆಂಡತಿ ಗೊಲ್ಲಾಳಮ್ಮನ ಕಿವಿಗೆ ಬಿತ್ತು. ಕೊಡ ಅಲ್ಲೇ ಬಿಟ್ಟು ಬಂದವಳು ಮರುದಿನ ಮಧ್ಯಾಹ್ನ, ಚಪ್ಪಲಿ ಕಳೆದು ಕೈಯಲ್ಲಿ ಹಿಡಿದು, ಮುಂದಿನ ಸೀಟಿನಲ್ಲೇ ಕೂತಳು. ದೇವಾಪುರದಲ್ಲಿ ಟೀಚರುಗಳು ಹತ್ತಿದರು. ತಿರುಗಿ ಬರುವಾಗ ಮೊದಲ ಸ್ಟಾಪಿನಲ್ಲಿ ಜೀಪು ನಾಲ್ಕು ಸಲ ಜಿಗಿದು ನಿಂತಿತು.

"ಊದು" ಅಂದಳು ಗೊಲ್ಲಾಳಮ್ಮ.

"ಮಂದಿ ನೋಡಾಕತ್ತಾರಲೇ…"

"ನೋಡ್ಲಿ ಅಂತನ ಬಂದೀನಿ. ಊದು!"

ಊದಿದ. ಅವಳು ಮೂಗು ಹತ್ತಿರ ತಂದು ನೋಡಿದಳು. ತಾನೇ ಕಟ್ಟಿಕೊಟ್ಟ ರೊಟ್ಟಿ, ಹಸಿ ಉಳ್ಳಾಗಡ್ಡಿ. ಅದರಾಚೆ ಏನೂ ಇಲ್ಲ.

"ಮತ್ತ ಗಾಡಿ ಯಾಕ ಕುಣಸತಿ? ಏನಾಗ್ಯಾದ ಇದಕ್ಕ?" ಎಂದವಳೇ ಗಂಡನನ್ನು ಅತ್ತ ಸರಿಸಿ, ಅವನು ಬೇಡ ಬೇಡ ಅನ್ನುವಷ್ಟರಲ್ಲಿ ತನ್ನ ಬರಿಗಾಲನ್ನು ಬ್ರೇಕಿನ ಮೇಲೆ ಇಟ್ಟಳು.

"ಅಯ್ಯಯ್ಯ, ನಮ್ಮವ್ವಾ! ಇದು ಬ್ರೇಕೇನೋ, ಒಲಿ ಮ್ಯಾಲಿನ ಹಂಚೇನೋ!"

ಕೂಗು ಕೇಳಿ ಟೀಚರುಗಳೆಲ್ಲ ಬಗ್ಗಿ ನೋಡಿದರು. ಗೊಲ್ಲಾಳಮ್ಮ ಕಾಲು ಹಿಡಿದುಕೊಂಡೇ ಹಿಂದಕ್ಕೆ ತಿರುಗಿ ಸಾರಿದಳು: "ಕುಡದಿಲ್ರೀ ಇಂವ, ಸುಟ್ಕೊಂಡಾನ!"

"ಹಂಗಾದ್ರ ಇಷ್ಟು ದಿನ ಬಾಯಿ ಯಾಕ ಬಿಡ್ಲಿಲ್ರಿ?" ಎಂದರು ಸುನಿತಾ ಟೀಚರ್.

"ಏನಂತ ಬಿಡ್ಲಿರಿ ಟೀಚರ್? ಕುಡದಾನ ಅಂದ್ರ ನಾಕ ದಿನ ಅಂದು ಬಿಡ್ತಾರ. ಬರಿಗಾಲ ಮಲ್ಲಣ್ಣ ಕಾಲು ಸುಟ್ಕೊಂಡ ಅಂದ್ರ ಸಾಯೋತನ ನಗ್ತಾರ."

ನಗು ಅಲ್ಲೇ ಶುರುವಾಗಿ ಸುರಪುರದವರೆಗೂ ಬಂತು. ಗೊಲ್ಲಾಳಮ್ಮ ಜೀಪನ್ನು ಸ್ಟ್ಯಾಂಡಿಗೆ ಬಿಡಲಿಲ್ಲ. ಸೀದಾ ಮೆಕ್ಯಾನಿಕ್ ಅಬ್ದುಲ್ ಕರೀಮನ ಗ್ಯಾರೇಜಿಗೆ ತಿರುಗಿಸಲು ಹಚ್ಚಿದಳು. ಕರೀಮ ಬಗ್ಗಿ ನೋಡಿ ಹಣೆ ಬಡಿದುಕೊಂಡ.

"ಮಲ್ಲಣ್ಣ, ಇದರಾಗ ರಬ್ಬರ್ ಎಲ್ಲದನೋ? ಸೀರಿ ಹರದು ಬರೇ ಅಂಚು ಉಳದಂಗ ಆಗ್ಯಾದ."

ಹಳೆಯದನ್ನು ಕಿತ್ತು, ತುಕ್ಕು ಉಜ್ಜಿ, ಹೊಸ ರಬ್ಬರನ್ನು ಬಿಸಿ ಸೋಪಿನ ನೀರಲ್ಲಿ ಅದ್ದಿ ಮೆತ್ತಗೆ ಮಾಡಿದ. ಸ್ಕ್ರೂಡ್ರೈವರಿನಿಂದ ಒಂದೊಂದೇ ಮೂಲೆ ಎಬ್ಬಿಸಿ, ಮಗುವಿಗೆ ಕುಲಾಯಿ ಹಾಕಿದಂತೆ ಪೆಡಲಿಗೆ ತೊಡಿಸಿದ. ಕ್ಲಚ್ಚಿಗೂ ಒಂದು ಹಾಕಿ, ನೀರು ಒರೆಸಿದ. ಗೊಲ್ಲಾಳಮ್ಮ ಚಂಚಿಯಿಂದ ವಿಭೂತಿ ತೆಗೆದು ಎರಡಕ್ಕೂ ಹಚ್ಚಿದಳು. ಅಷ್ಟಕ್ಕೇ ನಿಲ್ಲದೆ ಪಕ್ಕದ ಎಣ್ಣೆಯ ಡಬ್ಬಿಗೆ ಬೆರಳು ಅದ್ದಲು ಹೋದಳು. ಕರೀಮ ಓಡಿ ಬಂದು ಡಬ್ಬಿ ಎತ್ತಿಕೊಂಡ.

"ಅಕ್ಕಾರ! ಎಣ್ಣಿ ದೇವರಿಗಿ ಹಚ್ಚ್ರಿ, ಬ್ರೇಕಿಗಿ ಬ್ಯಾಡ್ರಿ. ಈಗ ಕಾಲು ಸುಟ್ಟದ, ಆಮ್ಯಾಲ ಜಾರತದ!"

ಮರುದಿನ ಮುಂಜಾನೆ ಟೀಚರುಗಳು ಬರುತ್ತಾರೋ, ಬಸ್ಸಿಗೆ ಹೋಗುತ್ತಾರೋ ಎಂದು ಮಲ್ಲಣ್ಣ ಹಾರ್ನನ್ನೂ ಹೊಡೆಯದೆ ಕಾದ. ಬಸ್ಸು ಬಂತು, ಹೋಯಿತು. ಸುನಿತಾ ಟೀಚರ್ ಒಬ್ಬರೇ ಬಂದು ಹತ್ತಿದರು; ಉಳಿದವರು ಇನ್ನೊಂದು ದಿನ ನೋಡೋಣ ಅಂದರಂತೆ. ಅವರು ದಾರಿಯುದ್ದಕ್ಕೂ ತಲೆ ಎತ್ತದೆ ಪೇಪರು ತಿದ್ದುತ್ತ ಕೂತರು. ಜೀಪು ನಿಂತಿತು. ಟೀಚರ್ ಇನ್ನೂ ತಿದ್ದುತ್ತಲೇ ಇದ್ದರು.

"ಟೀಚರ್… ದೇವಾಪುರರಿ."

"ಹೌದ್ರಿ? ನಿಂತದ್ದ ಗೊತ್ತಾಗ್ಲಿಲ್ಲಲ್ರಿ! ನಾಳಿಗಿ ಅವ್ರನ್ನೂ ಕರ್ಕೊಂಡು ಬರ್ತೀನಿ."

ಟೀಚರ್ ಇಳಿದು ಹೋದರು. ಮಲ್ಲಣ್ಣ ಆ ಮಾತನ್ನು ಅವತ್ತು ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದ. ಬೂಟು ಹಾಕಿದವರಿಗೆ ಎರಡೆರಡು ಸಲ.