ಬೆಳಕು ದಾಟುವ ಹಲ್ಲು

ಚಿತೆ ಆರಿದ ಮೇಲೂ ಮನುಷ್ಯನದೆಂದು ಉಳಿಯುವುದು ಹಲ್ಲು. ಅಷ್ಟು ಗಟ್ಟಿ ವಸ್ತು. ನನ್ನದು ಟೊಮೆಟೊ ಸಾರಿಗೆ ಸೋತಿತು.

ವಿಲೆ ಪಾರ್ಲೆ ಸ್ಟೇಷನ್ ಬಳಿ ನಮ್ಮದೊಂದು ಉಡುಪಿ ಹೋಟೆಲು. ಶಟರ್ ಎತ್ತುವ ಮೊದಲು ಮಾಲೀಕನೇ ಎಲ್ಲದರ ರುಚಿ ನೋಡಬೇಕೆಂಬುದು ಅಪ್ಪ ಹಾಕಿಟ್ಟ ಕಟ್ಟಳೆ. ಸಾಂಬಾರಿನ ರುಚಿ ನಾಲಿಗೆಯಲ್ಲಿ ಉಳಿದರೆ ಸಾರಿಗೆ ಅನ್ಯಾಯ. ಆದ್ದರಿಂದ ಪ್ರತಿ ಸಲವೂ ಹಲ್ಲುಜ್ಜಬೇಕು. ಸಾಂಬಾರು, ಬ್ರಷ್. ಸಾರು, ಬ್ರಷ್. ಟೊಮೆಟೊ ಚಟ್ನಿ, ಬ್ರಷ್. ಎರಡು ಮೊಕದ್ದಮೆಗಳ ನಡುವೆ ನ್ಯಾಯಾಧೀಶರು ಕೂಡ ಇಷ್ಟು ಶುದ್ಧರಾಗುವುದಿಲ್ಲ.

ಒಂದು ಬೆಳಗ್ಗೆ ಕರೆಂಟು ಹೋಗಿತ್ತು. ಮೊಬೈಲಿನ ಟಾರ್ಚನ್ನು ಬೇಸಿನ್ ಮೇಲೆ ನಿಲ್ಲಿಸಿ ಉಜ್ಜುತ್ತಿದ್ದೆ. ಕನ್ನಡಿಯಲ್ಲಿ ನನ್ನ ಎದುರಿನ ಹಲ್ಲುಗಳ ಅಂಚು ನೀಲಿ ಗಾಜಿನಂತೆ ಹೊಳೆಯಿತು. ಗಾಜಿನ ಹಿಂದೆ ಕಪ್ಪನೆಯದೇನೋ ಸರಿದುಹೋಯಿತು. ಅದು ನನ್ನದೇ ನಾಲಿಗೆ. ಆದರೆ ನಾನು ಅದನ್ನು ಅಲ್ಲಾಡಿಸಿರಲಿಲ್ಲ ಎಂಬುದು ಇವತ್ತಿಗೂ ನನ್ನ ವಾದ.

ಮನೆಯಲ್ಲಿ ಹೆಂಡತಿಗೆ ತೋರಿಸಿದೆ. ಅವಳು ಸೌಟು ಕೆಳಗಿಟ್ಟಳು.

“ಮಾವನವರದ್ದೂ ಹೀಗೇ ಇತ್ತು ಮಾರಾಯ್ರೆ. ನಾನು ಮದುವೆಯಾಗಿ ಬಂದ ಹೊಸತು. ಅವರು ಚಾ ಕುಡಿಯುವಾಗ ಹಲ್ಲಿನ ಹಿಂದೆ ಚಾ ಕಾಣ್ತಿತ್ತು. ನಾನು ಹೆದರಿ ಗೋಡೆ ನೋಡ್ತಿದ್ದೆ.”

“ಮತ್ತೆ ಎಂತಾಯ್ತು?”

“ಎಂತಾಗ್ಲಿಕ್ಕೆ? ಒಂದು ದಿನ ಚಕ್ಕುಲಿ ಕಚ್ಚಿದ್ರು, ಎದುರಿನ ಎರಡು ಹಲ್ಲು ಚಕ್ಕುಲಿಯ ಒಟ್ಟಿಗೇ ಬಂತು. ನಿಮ್ಮ ಹತ್ರ ಹೇಳ್ಬೇಡ ಅಂದಿದ್ರು.”

ಹೋಟೆಲಿನ ಗಲ್ಲಾದ ಮೇಲೆ ಅಪ್ಪನ ಫೋಟೋ ಇದೆ, ತುಟಿ ಬಿಗಿದದ್ದು. ನಾನದನ್ನು ಗಾಂಭೀರ್ಯವೆಂದೇ ನಂಬಿದ್ದೆ. ಮರುದಿನ ಫೋಟೋದ ಗಾಜಿನಲ್ಲಿ ನನ್ನ ಮುಖ ಸರಿಯಾಗಿ ಅವರ ಮುಖದ ಮೇಲೆ ಬಿತ್ತು. ತುಟಿ ಮುಚ್ಚಿದ್ದು ನಾನೋ ಅವರೋ ತಿಳಿಯಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ರೈಲು ಬಂದು ಗಾಳಿ ಬೀಸಿದರೆ ಹಲ್ಲು ಜುಮ್ಮೆನ್ನುತ್ತಿತ್ತು, ಯಾರೋ ಒಳಗಿನಿಂದ ಊದಿದ ಹಾಗೆ.

ಕಾಂದಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಹಲ್ಲಿನ ಡಾಕ್ಟರಮ್ಮ ಇದ್ದಾರೆ, ಧಾರವಾಡದ ಕಡೆಯವರು. ನನ್ನ ದಿನಚರಿಯನ್ನೂ ಪೇಸ್ಟಿನ ಹೆಸರನ್ನೂ ಕೇಳಿ ಕನ್ನಡಕ ತೆಗೆದರು.

“ಹುಳಿ ಬಿದ್ದ ಕೂಡ್ಲೇ ಹಲ್ಲಿನ ಮ್ಯಾಲಿನ ಪದರ ಮೆತ್ತಗಾಗ್ತದ್ರಿ. ಆವಾಗ ನೀವು ಪಾತ್ರಿ ತಿಕ್ಕಿದಂಗ ತಿಕ್ಕೀರಿ. ಅದೂ ಇದ್ದಿಲಿನ ಪೇಸ್ಟು!”

“ಹೋದ ಪದರ ವಾಪಸ್ ಬರುವುದಿಲ್ಲವಾ?”

“ಹೋಗಿದ್ದು ಹೋತು. ಉಳಿದದ್ದನ್ನ ಗಟ್ಟಿ ಮಾಡೂಣು. ಇಲ್ಲಾಂದ್ರ ಮುರೀತಾವ.”

ಆಮೇಲೆ ಪೇಸ್ಟಿನ ಒಳಗುಟ್ಟು ಹೇಳಿದರು. ಫ್ಲೋರೈಡ್ ಇದ್ದರೆ ಎಂಜಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಹಲ್ಲಿಗೆ ಮರಳಿ ಸೇರಿಕೊಳ್ಳುತ್ತವೆ, ಪದರ ಹುಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಇನ್ನೊಂದು ಹೈಡ್ರಾಕ್ಸಿಅಪಟೈಟ್, ಹಲ್ಲು ಆಗಿರುವುದೇ ಆ ಖನಿಜದಿಂದ, ಸವೆದ ಸಣ್ಣ ಗುಂಡಿಗಳಲ್ಲಿ ಹೋಗಿ ಕೂರುತ್ತದೆ. “ಮೂಳ್ಯಾಗೂ ಇರೋದು ಅದರಂಥಾದ್ದ” ಎಂದರು.

ನಾನು ಕುರ್ಚಿಯಲ್ಲಿ ಎದ್ದು ಕುಳಿತೆ. ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲು. “ಮೂಳೆ? ಯಾರದ್ದು?”

“ಯಾರದ್ದೂ ಅಲ್ರೀ ಯಜಮಾನ್ರ! ಲ್ಯಾಬಿನ್ಯಾಗ ಮಾಡ್ತಾರ.”

ಆದರೂ ಔಷಧದಂಗಡಿಯಲ್ಲಿ ಡಬ್ಬಿಯನ್ನು ದೀಪಕ್ಕೆ ಹಿಡಿದು ಸಸ್ಯಾಹಾರದ ಹಸಿರು ಚುಕ್ಕೆ ಹುಡುಕಿದೆ. ಇತ್ತು. ಎರಡೂ ಸೇರಿದ ಪೇಸ್ಟದು. ಮನೆಯಲ್ಲೇ ಮೃದುವಾಗಿ ಉಜ್ಜಿ, ಉಗಿದು, ನೀರು ಮುಕ್ಕಳಿಸದೆ ಬಿಡಬೇಕೆಂದು ಡಾಕ್ಟರಮ್ಮನ ಅಪ್ಪಣೆ. ರುಚಿಗಳ ನಡುವೆ ಬರೀ ನೀರು. ಪೇಸ್ಟಿನ ತೆಳು ಲೇಪ ಬಾಯಲ್ಲಿಟ್ಟುಕೊಂಡು ಲೋಕಲ್ ಹತ್ತುತ್ತಿದ್ದೆ. ನನ್ನದಲ್ಲದ ಹಲ್ಲೊಂದು ಕತ್ತಲಲ್ಲಿ ಮೆಲ್ಲಗೆ ನನ್ನದಾಗುತ್ತಿದೆ ಎನಿಸುತ್ತಿತ್ತು. ಫೋಟೋದ ಕಡೆ ನೋಡುವುದನ್ನು ಬಿಟ್ಟೆ. ಅಡುಗೆಯ ಭಟ್ಟರು ಮಾತ್ರ “ಧಣಿ, ಈಗೀಗ ನಿಮಗೆ ಸಾರು ಸಾಂಬಾರು ಎಲ್ಲ ಒಂದೇ” ಎಂದು ಗೊಣಗಿದರು.

ಮುಂದಿನ ಮಳೆಗಾಲಕ್ಕೆ ಡಾಕ್ಟರಮ್ಮ ಮತ್ತೆ ಬೆಳಕು ಬಿಟ್ಟು ನೋಡಿದರು. ಸವೆತ ನಿಂತಿದೆ. ಜುಮ್ಮೆನ್ನುವುದು ಕಡಿಮೆಯಾಗಿದೆ. ಹೋದ ಪದರ ಬಂದಿಲ್ಲ. ಅಂಚಿನಲ್ಲಿ ಬೆಳಕು ಈಗಲೂ ದಾಟುತ್ತದೆ. ಎದುರಿನ ಎರಡು ಹಲ್ಲೂ ಬಾಯಲ್ಲೇ ಇವೆ.