ಪಟ್ಟೆ ದಾರದ ಕನ್ನಡಕ

ನನ್ನ ಅತ್ತೆಯ ಕನ್ನಡಕಕ್ಕೆ ದಿನಾ ಬೆಳಿಗ್ಗೆ ಸ್ನಾನವಾಗುತ್ತಿತ್ತು. ಹೇಳಿದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ. ಬಾವಿಕಟ್ಟೆಯಲ್ಲಿ ಅತ್ತೆ ತಲೆಗೆ ಒಂದು ಕೊಡ ನೀರು ಹೊಯ್ದುಕೊಂಡರೆ ಕನ್ನಡಕಕ್ಕೆ ಒಂದು ಚೊಂಬು. ಆಮೇಲೆ ಇಬ್ಬರೂ ಒದ್ದೆ ಆರುವ ಮೊದಲೇ ಅಡುಗೆಮನೆ ಸೇರುವುದು. ಈ ಏರ್ಪಾಡು ಮಾಡಿಕೊಟ್ಟವಳು ನಾನೇ. ಆದರೆ ಅದಕ್ಕೂ ಮೊದಲು ಏನಾಯಿತು ಅನ್ನುವುದನ್ನು ಹೇಳಬೇಕು.

ನಾನು ಬೈಂದೂರಿನ ಕಡೆಯವಳು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಕೋಟದ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದೆ. ಬರುವಾಗಲೇ ಸಿಟ್ಟು ಮೂಗಿನ ತುದಿಯಲ್ಲಿತ್ತು, ಈಗಲೂ ಅಲ್ಲೇ ಇದೆ. ನಮ್ಮ ಕೇರಿಯ ಗಂಡಸರೆಲ್ಲ ಆಗ ಘಟ್ಟದ ಮೇಲಿನ ಊರುಗಳಲ್ಲಿ ಹೋಟೆಲು ನಡೆಸುತ್ತಿದ್ದರು. ನನ್ನ ಮಾವ, ನನ್ನ ಗಂಡ ಇಬ್ಬರೂ ಅಲ್ಲೇ. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬಂದು ಹೋಗುವುದು. ಮನೆಯಲ್ಲಿ ಅತ್ತೆ ಮತ್ತು ನಾನು, ಹಟ್ಟಿಯಲ್ಲಿ ದನಕರು.

ಗಂಡಸರಿಲ್ಲದ ಕೇರಿಗೆ ಪಂಚಾಂಗ ನೋಡಿ ಹೇಳುವವರು ಬೇಡವೇ? ಆ ಕೆಲಸ ಅತ್ತೆಯದು. ಅವರ ಅಪ್ಪಯ್ಯ ಪುರೋಹಿತರು, ಮಗಳಿಗೆ ಚಿಕ್ಕಂದಿನಲ್ಲೇ ತಿಥಿ, ನಕ್ಷತ್ರ, ಗಳಿಗೆಗಳ ಲೆಕ್ಕ ಕಲಿಸಿದ್ದರು. ಮಧ್ಯಾಹ್ನದ ಊಟ ಮುಗಿದು ಪಾತ್ರೆ ತೊಳೆದಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ನಮ್ಮ ಜಗಲಿಗೆ ಬರುವರು. ಸಂಕಷ್ಟಿ ಯಾವತ್ತು, ಮಗುವನ್ನು ತೊಟ್ಟಿಲಿಗೆ ಹಾಕಲು ಯಾವ ದಿನ ಒಳ್ಳೆಯದು, ತವರಿಗೆ ಹೊರಡಬಹುದೋ ಬಾರದೋ. ಅತ್ತೆ ಕನ್ನಡಕ ಏರಿಸಿ, ತೋರುಬೆರಳನ್ನು ಸಾಲಿನ ಮೇಲೆ ಜಾರಿಸುತ್ತಾ ಹೇಳುವರು. ಆಗ ಅವರ ಮುಖ ನೋಡಬೇಕಿತ್ತು. ಉಳಿದ ಹೊತ್ತೆಲ್ಲ ಒಲೆ, ಹೊಗೆ, ಸಗಣಿ ಎಂದು ಸವೆಯುತ್ತಿದ್ದ ಹೆಂಗಸು ಆ ಸ್ವಲ್ಪ ಹೊತ್ತು ಮತ್ತೆ ಅಪ್ಪನ ಮಗಳಾಗುತ್ತಿದ್ದರು.

ಕನ್ನಡಕ ಕುಂದಾಪುರದಲ್ಲಿ ಮಾವ ಮಾಡಿಸಿಕೊಟ್ಟದ್ದು. ತೆಳು ಲೋಹದ ಕಟ್ಟು, ದುಂಡು ಗಾಜು. ಅತ್ತೆಗೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತಿತ್ತು. ಗದ್ದೆಯಾಚೆ ರಸ್ತೆಯಲ್ಲಿ ಬಸ್ಸಿಳಿದವರು ಯಾರೆಂದು ಅಂಗಳದಲ್ಲೇ ನಿಂತು ಹೇಳುವರು. ಹತ್ತಿರದ್ದೇ ಆಗದು: ಪಂಚಾಂಗದ ಅಕ್ಷರ, ಅಕ್ಕಿಯೊಳಗಿನ ಕಲ್ಲು, ಸೂಜಿಯ ಕಣ್ಣು. ಹಾಗಾಗಿ ಹಾಕುವುದು, ತೆಗೆಯುವುದು, ತೆಗೆದಲ್ಲೇ ಮರೆಯುವುದು. ಅಕ್ಕಿ ಮುಡಿಯ ಮೇಲೆ, ಕಡೆಯುವ ಕಲ್ಲಿನ ಪಕ್ಕ, ಬಾವಿಕಟ್ಟೆಯಲ್ಲಿ. ಹುಡುಕುವ ಕರ್ಮ ನನ್ನದು. ಒಮ್ಮೆ ಹಟ್ಟಿಯ ಹುಲ್ಲಿನ ಬುಟ್ಟಿಯಲ್ಲಿ ಸಿಕ್ಕಿತು. ಇನ್ನೊಂದು ಸ್ವಲ್ಪ ತಡವಾಗಿದ್ದರೆ ನಮ್ಮ ಕರುವೇ ಕನ್ನಡಕ ಹಾಕಿಕೊಂಡು ಕೇರಿಗೆಲ್ಲ ತಿಥಿ ಹೇಳುತ್ತಿತ್ತು ಎಂದೆ. ಅತ್ತೆಗೆ ನಗು ಬಂತು, ಆದರೆ ಸೊಸೆಯೆದುರು ನಗಬಾರದೆಂದು ಸೆರಗಿನಿಂದ ಬಾಯಿ ಒರೆಸಿಕೊಂಡರು.

ಹುಡುಕಿ ಹುಡುಕಿ ತಲೆ ಚಿಟ್ಟು ಹಿಡಿದು ನಾನೇ ಉಪಾಯ ಹೂಡಿದೆ. ಮೊದಲು ಜಗಲಿಯ ಕಂಬಕ್ಕೊಂದು ಮೊಳೆ ಹೊಡೆದೆ. ಕನ್ನಡಕ ಮೊಳೆಯಲ್ಲಿರುತ್ತಿದ್ದುದು ನಾನು ಅದನ್ನು ಅಲ್ಲಿ ಸಿಕ್ಕಿಸಿದಾಗ ಮಾತ್ರ. ಆಮೇಲೆ ತೆಂಗಿನ ಗರಟೆಯೊಂದನ್ನು ನಯವಾಗಿ ಹೆರೆದು, ಅಂಚಿಗೆ ತೂತು ಕೊರೆದು, ಹುರಿ ಕಟ್ಟಿ ಜಗಲಿಯ ಕಿಟಕಿಗೆ ತೂಗುಹಾಕಿದೆ. ಅದು ಅತ್ತೆಗೆ ಹಿಡಿಸಿತು. ಕೂತಲ್ಲಿಂದಲೇ ಕೈಗೆ ಸಿಗುತ್ತಿತ್ತು. ಕೊನೆಗೆ ಹಳೇ ಲಂಗದ ಹತ್ತಿ ಲಾಡಿಯನ್ನು ಎರಡೂ ಕಡ್ಡಿಗೆ ಬಿಗಿದು ಕೊರಳಿಗೇ ಹಾಕಿಬಿಟ್ಟೆ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಅದೇ. ಆದರೆ ಮಧ್ಯಾಹ್ನದ ಮೇಲೆ ಮಾತ್ರ.

ಏಕೆಂದರೆ ಬೆಳಿಗ್ಗೆ ಅತ್ತೆಗೆ ಮಡಿ. ಮಿಂದು, ಯಾರೂ ಮುಟ್ಟದ ಸೀರೆಯುಟ್ಟು ಅಡುಗೆಮನೆ ಹೊಕ್ಕರೆ ದೇವರ ನೈವೇದ್ಯ ಆಗುವ ತನಕ ಮೈಲಿಗೆಯ ಏನನ್ನೂ ಮುಟ್ಟುವಂತಿಲ್ಲ. ಹಿಂದಿನ ದಿನವೆಲ್ಲ ಕೊರಳಲ್ಲಿದ್ದ ಹತ್ತಿ ಲಾಡಿ ಮೈಲಿಗೆಯೇ ತಾನೇ? ಹಾಗಾಗಿ ಮೀಯಲು ಹೋಗುವ ಮೊದಲು ಕನ್ನಡಕ ಗರಟೆ ಸೇರುವುದು. ಬೆಳಗಿನ ಅಡುಗೆಯೆಲ್ಲ ಅಂದಾಜಿನ ಮೇಲೆ. ಸಾಸಿವೆಯೂ ರಾಗಿಯೂ ಕೈಗೆ ಒಂದೇ. ಒಂದೆರಡು ಬಾರಿ ರಾಗಿಯ ಒಗ್ಗರಣೆಯನ್ನೂ ಉಂಡಿದ್ದೇನೆ.

ಕೆಳಮನೆಯ ದೊಡ್ಡಮ್ಮನ ವಿಷಯ ಇಲ್ಲಿ ಹೇಳಬೇಕು. ನಮ್ಮ ಗದ್ದೆಯ ಕೆಳಗಿನ ಮನೆಯ ಮುದುಕಿ ಅವರು, ಅತ್ತೆಗಿಂತ ತುಂಬಾ ಹಿರಿಯರು. ಗಂಡ ಹೋದಾಗ ಇನ್ನೂ ಮೈನೆರೆದಿರಲಿಲ್ಲವಂತೆ. ಅಂದಿನಿಂದ ಮೈದುನರ ಮನೆಯಲ್ಲಿ ಅಡುಗೆ ಮಾಡಿಕೊಂಡು ಬದುಕಿದವರು. ವಿಧವೆಯೆಂದು ಉಟ್ಟ ಕೆಂಪು ಸೀರೆಯನ್ನೂ ಇನ್ನೊಬ್ಬರು ಕೊಡಿಸಬೇಕು. ಅವರಿಗೆ ಸ್ವಂತದ್ದು ಎಂದು ಇದ್ದದ್ದು ಒಂದೇ. ಆ ಎಳೆ ವಯಸ್ಸಿನಿಂದ ಒಂದು ಏಕಾದಶಿಯೂ ತಪ್ಪಿರಲಿಲ್ಲ. ಜ್ವರ ಬಂದಾಗಲೂ ಅಂದು ಅನ್ನ ಮುಟ್ಟಿದವರಲ್ಲ. ಓದು ಬರದ ಅವರು ಆ ಲೆಕ್ಕವನ್ನೆಲ್ಲ ನಮ್ಮ ಅತ್ತೆಯ ಬಾಯಿಯ ಮೇಲೆ ಬಿಟ್ಟಿದ್ದರು.

ಒಂದು ಬೆಳಿಗ್ಗೆ ದೊಡ್ಡಮ್ಮ ಒದ್ದೆ ಸೀರೆಯಲ್ಲೇ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಏಕಾದಶಿ ಇವತ್ತೋ ನಾಳೆಯೋ ಎಂದು ಅನುಮಾನ, ತನ್ನ ಪಾಲಿನ ಅನ್ನಕ್ಕೆ ಇಡಬೇಕೋ ಬೇಡವೋ ತಿಳಿಯಬೇಕಿತ್ತು. ಅತ್ತೆ ಒಳಗೆ ಮಡಿಯಲ್ಲಿ. ದೊಡ್ಡಮ್ಮನೂ ಮಡಿಯಲ್ಲಿ. ನಾನು ತಿಂಗಳಿನ ಮೂರು ದಿನ ಹೊರಗೆ ಕೂತವಳು, ಏನನ್ನೂ ಮುಟ್ಟುವಂತಿಲ್ಲ, ಪಂಚಾಂಗ ನೋಡಲು ಆಗ ಬರುತ್ತಲೂ ಇರಲಿಲ್ಲ. ಪಂಚಾಂಗವೇನೋ ದೇವರ ಹತ್ತಿರ ಮಡಿಯಲ್ಲೇ ಇತ್ತು. ಕನ್ನಡಕ ಮಾತ್ರ ಜಗಲಿಯ ಗರಟೆಯಲ್ಲಿ. ಮೂವರು ಹೆಂಗಸರು, ಎಲ್ಲಿ ತೂಗುತ್ತಿದೆಯೆಂದು ಮೂವರಿಗೂ ಗೊತ್ತಿರುವ ಒಂದು ಕನ್ನಡಕ, ಕೈಚಾಚಿ ತೆಗೆಯುವ ಹಾಗಿದ್ದವರು ಒಬ್ಬರೂ ಇಲ್ಲ! ಈಗ ನೆನೆದರೆ ಮೈ ಉರಿಯುತ್ತದೆ. ಆಗ ನಮಗ್ಯಾರಿಗೂ ಅದು ವಿಚಿತ್ರವೆನಿಸಲೇ ಇಲ್ಲ.

ಅತ್ತೆ ಪಂಚಾಂಗವನ್ನು ಹಿತ್ತಲ ಬೆಳಕಿಗೆ ತಂದು, ಕೈಯನ್ನು ಉದ್ದಕ್ಕೆ ಚಾಚಿ, ಕಣ್ಣು ಕಿರಿದು ಮಾಡಿ ನೋಡಿದರು. ಬೆರಳು ಸಾಲಿನ ಮೇಲೆ ಜಾರಿತು, ನಿಂತಿತು. ಇವತ್ತೇ ಏಕಾದಶಿ ಎಂದರು. ಅತ್ತೆಯೂ ಏಕಾದಶಿ ಮಾಡುವವರೇ, ಹಾಗಾಗಿ ಆ ದಿನ ಇಬ್ಬರದೂ ಉಪವಾಸ. ಮರುದಿನ ಬೆಳಗಾಗುತ್ತಲೇ ದ್ವಾದಶಿಯ ಪಾರಣೆಯೆಂದು ಇಬ್ಬರೂ ಅವರವರ ಮನೆಯಲ್ಲಿ ಊಟ ಮಾಡಿದರು.

ಅದೇ ಬೆಳಿಗ್ಗೆ ದೇವಸ್ಥಾನದ ಭಟ್ಟರು ನಮ್ಮ ಅಂಗಳದಲ್ಲಿ ಹಾದುಹೋಗುವಾಗ ಅತ್ತೆ ಊಟ ಮಾಡಿಕೊಂಡು ಹೋಗಿ ಎಂದು ಕರೆದರು. ಭಟ್ಟರಿಗೆ ಆಶ್ಚರ್ಯ. ಇವತ್ತು ಏಕಾದಶಿಯಲ್ಲವೇ, ಊಟ ಎಂಥದು ಎಂದರು. ಅತ್ತೆ ಒಳಗೆ ಓಡಿ ಪಂಚಾಂಗವನ್ನು ಜಗಲಿಗೆ ತಂದರು. ಈ ಬಾರಿ ಗರಟೆಗೆ ಕೈಹಾಕಿ ಕನ್ನಡಕ ತೆಗೆದು, ಮಡಿ ಮೈಲಿಗೆ ಎಲ್ಲ ಮರೆತು, ಪಂಚಾಂಗ ತೆರೆದರು. ಹಿಂದಿನ ದಿನ ಒಂದು ಸಾಲು ಕೆಳಗೆ ಓದಿದ್ದರು, ದೊಡ್ಡಮ್ಮ ಏಕಾದಶಿಯ ದಿನವೇ ಉಂಡಾಗಿತ್ತು. ನಾನು ಜಗಲಿಯ ಮೂಲೆಯಿಂದ ನೋಡುತ್ತಲೇ ಇದ್ದೆ.

ತಾವೇ ಗದ್ದೆಯ ಅಂಚಿನಲ್ಲಿ ನಡೆದು ಕೆಳಮನೆಗೆ ಹೋಗಿ ಹೇಳಿ ಬಂದರು. ದೊಡ್ಡಮ್ಮ ಎದ್ದು ಬಾವಿಗೆ ಹೋಗಿ ಮತ್ತೊಮ್ಮೆ ಮಿಂದರಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ಅತ್ತೆ ನನ್ನೆದುರು ಅತ್ತರು. ಅವರು ಅತ್ತದ್ದನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ಆಮೇಲೆ ದೊಡ್ಡಮ್ಮ ನಮ್ಮ ಮನೆಗೆ ಬರುವುದನ್ನೇ ಬಿಟ್ಟರು. ಉಳಿದ ಹೆಂಗಸರೂ ಕಡಿಮೆಯಾದರು. ಬಸ್‌ಸ್ಟಾಪಿನ ಅಂಗಡಿಯ ಗೋಡೆಯಲ್ಲಿ ದೊಡ್ಡ ಅಕ್ಷರದ ಕ್ಯಾಲೆಂಡರು ತೂಗುತ್ತಿತ್ತು, ಸಾಮಾನು ತರಲು ಹೋದವರು ಅದನ್ನೇ ಕೇಳಿಕೊಂಡು ಬರತೊಡಗಿದರು. ಮಧ್ಯಾಹ್ನ ಅತ್ತೆ ಅಭ್ಯಾಸಬಲದಿಂದ ಜಗಲಿಗೆ ಬಂದು ಕೂರುವರು, ದಾರಿ ನೋಡುವರು. ದೂರದ್ದು ಚೆನ್ನಾಗಿ ಕಾಣುವ ಕಣ್ಣಲ್ಲವೇ, ಯಾರೂ ಬರುತ್ತಿಲ್ಲವೆಂಬುದು ಅವರಿಗೆ ಬೇಗ ಕಾಣುತ್ತಿತ್ತು.

ಅದನ್ನು ನೋಡಲಾರದೆ ನಾನು ಮತ್ತೆ ಕನ್ನಡಕದ ಬೆನ್ನುಹತ್ತಿದೆ. ಗಾಜಿಗೆ, ಲೋಹಕ್ಕೆ ನೀರು ಹೊಯ್ದರೆ ಮಡಿಯಾಯಿತು. ತಕರಾರು ಇರುವುದು ಹತ್ತಿ ಲಾಡಿಯದ್ದು. ಪಟ್ಟೆಗೆ, ಅಂದರೆ ರೇಷ್ಮೆಗೆ, ಆ ತಕರಾರಿಲ್ಲ, ಪಟ್ಟೆ ಸೀರೆ ಉಟ್ಟು ಮಡಿಯಲ್ಲಿ ಅಡುಗೆ ಮಾಡುವುದಿಲ್ಲವೇ? ಪೆಟ್ಟಿಗೆಯಿಂದ ನನ್ನ ಮದುವೆಯ ಧಾರೆ ಸೀರೆ ತೆಗೆದು, ಸೆರಗಿನ ಕುಚ್ಚು ಬಿಚ್ಚಿ, ಎಳೆಗಳನ್ನು ತೊಡೆಯ ಮೇಲೆ ಹೊಸೆದು ದಾರ ಮಾಡಿದೆ. ಧಾರೆ ಸೀರೆಯನ್ನು ಯಾರಾದರೂ ಕೀಳುತ್ತಾರಾ ಎಂದು ಅತ್ತೆ ಬೈದರು. ಸೀರೆ ಪೆಟ್ಟಿಗೆಯಲ್ಲಿ ಕೂತು ಏನು ಮಾಡುತ್ತದೆ ಎಂದು ನಾನೂ ತಿರುಗಿ ಅಂದೆ. ಮರುದಿನದಿಂದ ಕನ್ನಡಕದ ಸ್ನಾನ ಶುರುವಾಯಿತು. ಸಾಸಿವೆ ಸಾಸಿವೆಯಾಯಿತು, ರಾಗಿ ರಾಗಿಯಾಯಿತು.

ಆದರೂ ಅತ್ತೆ ಸೊರಗುತ್ತಾ ಹೋದರು. ಕಾರಣ ತಿಳಿಯಲು ನನಗೆ ಕೆಲವು ತಿಂಗಳೇ ಹಿಡಿದವು. ಏಕಾದಶಿಯ ಜೊತೆ ಅದರ ಹಿಂದಿನ ದಿನವೂ ಅವರು ಊಟ ಬಿಡುತ್ತಿದ್ದರು. ನನಗೆ ಬಡಿಸಿ, ತನಗೆ ಆಮೇಲೆ ಎಂದು ಹೇಳಿ, ಅನ್ನವನ್ನು ದನದ ಬಾನಿಗೆ ಸುರಿಯುತ್ತಿದ್ದರು. ಒಂದು ದಿನ ಕಣ್ಣಾರೆ ಕಂಡು ಕೇಳಿದೆ. ಖಾಲಿ ಪಾತ್ರೆ ಹಿಡಿದು ಒಳಗೆ ನಡೆದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇದ್ದ ಸೀರೆಯಲ್ಲೇ ಗದ್ದೆ ಇಳಿದು ಕೆಳಮನೆಗೆ ಹೋದೆ. ನಿಮ್ಮಿಂದಾಗಿ ನಮ್ಮ ಅತ್ತೆ ಎರಡೆರಡು ದಿನ ಉಪವಾಸ ಬಿದ್ದು ಸಾಯುತ್ತಾರೆ, ನೀವು ಇಲ್ಲಿ ಹಾಯಾಗಿ ಬತ್ತಿ ಹೊಸೆಯುತ್ತಾ ಕೂತಿದ್ದೀರಿ ಎಂದು ಆ ಹಿರಿಯ ಜೀವದ ಎದುರು ನಿಂತು ಅಂದುಬಿಟ್ಟೆ. ದೊಡ್ಡಮ್ಮ ಬತ್ತಿಯ ತಟ್ಟೆಯನ್ನು ಬದಿಗಿಟ್ಟು ಎದ್ದರು. ನನ್ನ ಹಿಂದೆಯೇ ಗದ್ದೆ ಹತ್ತಿ ಬಂದರು.

ಅತ್ತೆ ಜಗಲಿಯಲ್ಲಿದ್ದರು. ದೊಡ್ಡಮ್ಮ ಎದುರಿಗೆ ಕೂತು ಉಸಿರು ತಿರುಗಿದ ಮೇಲೆ ಕೇಳಿದರು. ತನಗಿಂತ ಕಿರಿಯ ಹೆಂಗಸರನ್ನೆಲ್ಲ ಅವರು ಕರೆಯುತ್ತಿದ್ದುದು 'ಹೆಣೆ' ಎಂದೇ.

"ಹೆಣೆ, ನೀ ಎರ್ಡ್ ದಿನ ಉಪಾಸ ಮಾಡ್ತೆ ಅಂಬ್ರ್. ಹೌದಾ?"

ಅತ್ತೆ ತಲೆ ತಗ್ಗಿಸಿದರು. "ನಿಮ್ದ್ ಒಂದ್ ಹೋಯ್ತಲ್ಲ ದೊಡ್ಡಮ್ಮ, ನನ್ನಿಂದ. ಅದನ್ನ್ ತುಂಬುಕೆ."

"ನನ್ನ ಏಕಾದಶಿ ನಿಂಗೆ ತುಂಬುಕ್ ಆತಿಲ್ಲೆ. ಹೋದ್ದ್ ಹೋಯ್ತ್. ಎಂತ ಆಯ್ತ್ ಅಂದ್ ದೇವ್ರ್ ಕಂಡಿದ್ದ, ಅವ್ನಿಗೆ ಕನ್ನಡ್ಕ ಬ್ಯಾಡ. ನಿಂಗೆ ಬೇಕ್." ದೊಡ್ಡಮ್ಮ ಕೈಚಾಚಿ ಅತ್ತೆಯ ಕೊರಳಿನ ಪಟ್ಟೆ ದಾರವನ್ನು ಹಿಡಿದು ನೋಡಿದರು. "ಹಾಕ್ಕಂಡ್ ಓದ್. ಮುಂದಿನ ಏಕಾದಶಿ ಯಾವತ್ತ್?"

ಅತ್ತೆ ಒಳಗಿನಿಂದ ಪಂಚಾಂಗ ತಂದು, ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ ಮೇಲೆ ಹೇಳಿದರು. ಅಂದಿನಿಂದ ಅದೇ ರೂಢಿಯಾಯಿತು. ದೊಡ್ಡಮ್ಮ ಬಂದವರು ಮೊದಲು ಕೊರಳು ನೋಡುವರು, ದಾರ ಕಂಡ ಮೇಲೆ ಕೇಳುವರು. ಮಿಕ್ಕ ಹೆಂಗಸರೂ ಮೆಲ್ಲಗೆ ಹಿಂತಿರುಗಿದರು. ಅತ್ತೆ ಹೊಟ್ಟೆ ತುಂಬ ಉಣ್ಣತೊಡಗಿದರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಪಂಚಾಂಗ ಕಲಿಸಿದರು. ನನ್ನ ತಲೆಗೆ ಅದು ಬೇಗ ಹತ್ತುತ್ತಿರಲಿಲ್ಲ, ಅವರ ತಾಳ್ಮೆ ದೊಡ್ಡದು.

ಎಪ್ಪತ್ತರ ದಶಕ ಶುರುವಾದಾಗ ಅತ್ತೆ ಜ್ವರದಲ್ಲಿ ತೀರಿಕೊಂಡರು. ಕನ್ನಡಕವನ್ನು ನಾನು ತೊಳೆದು, ದಾರ ಸುತ್ತಿ, ಕಿಟಕಿಯ ಗರಟೆಯಲ್ಲಿಟ್ಟೆ. ಸೂತಕ ಕಳೆದು ಕೆಲವು ದಿನವಾದ ಮೇಲೆ ದೊಡ್ಡಮ್ಮ ಬಂದರು. ಆ ಹೊತ್ತಿಗೆ ಅವರ ಕಣ್ಣು ಪೂರ್ತಿ ಮಂಜು, ಮನೆಯ ಹೆಣ್ಣುಮಗಳೊಬ್ಬಳು ಕೈಹಿಡಿದು ಕರೆತಂದು ಕೂರಿಸಿದಳು. ನಾನು ಪಂಚಾಂಗ ತಂದು ಎದುರಿಗೆ ಕೂತೆ. ಅವರು ಕೈಚಾಚಿ ನನ್ನ ಕೊರಳು ತಡವಿದರು. ಕರಿಮಣಿ ಸಿಕ್ಕಿತು. ಇನ್ನೇನನ್ನೋ ಹುಡುಕಿ, ಸಿಗದೆ, ಕೈ ಹಿಂದೆ ಸರಿಯಿತು.

"ಕನ್ನಡ್ಕ ಎಲ್ಲಿ?"

"ನಂಗೆ ಬ್ಯಾಡ ದೊಡ್ಡಮ್ಮ, ಕಣ್ಣ್ ಲಾಯ್ಕ್ ಕಾಣತ್ತ್."

ಅವರು ಏಕಾದಶಿ ಯಾವತ್ತೆಂದು ಕೇಳಲೇ ಇಲ್ಲ. ನಾನು ಎದ್ದು ಹೋಗಿ ಗರಟೆಯಿಂದ ಕನ್ನಡಕ ತೆಗೆದೆ, ಬಾವಿಕಟ್ಟೆಯಲ್ಲಿ ಒಂದು ಚೊಂಬು ನೀರು ಹೊಯ್ದೆ, ದಾರವನ್ನು ತಲೆಯ ಮೇಲಿಂದ ಕೊರಳಿಗೆ ಹಾಕಿಕೊಂಡು ಬಂದು ಕೂತೆ. ದೊಡ್ಡಮ್ಮನ ಬೆರಳು ಒದ್ದೆ ದಾರವನ್ನು ಹಿಡಿದು ಗಾಜಿನವರೆಗೂ ಇಳಿಯಿತು.

"ಏಕಾದಶಿ ಯಾವತ್ತ್, ಹೆಣೆ?"

ಅತ್ತೆಯ ಗಾಜಿನಲ್ಲಿ ನನಗೆ ಒಂದಕ್ಷರವೂ ಕಾಣಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿನಿಂದ ನೋಡುತ್ತಾ, ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ ಮೇಲೆ ಹೇಳಿದೆ.