ನುಂಗಿದ್ದು ಗುಳಿಗೆ, ಹೇಳಿದ್ದು ಉಪವಾಸ

೧೯೮೮ರ ಮಾತು. ಬ್ಯಾಡಗಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಓಣಿಯೆಲ್ಲ ಘಾಟು. ಸೀನುತ್ತಲೇ ಹೆಂಗಸರ ಜಂಪರ್ ಹೊಲಿಯುತ್ತಿದ್ದೆ. ಆ ದಿನಗಳನ್ನು ನೆನೆದರೆ ಈಗಲೂ ಮೂಗು ಚುರುಗುಟ್ಟುತ್ತದೆ.

ನಾನಾಗ ಬಲು ದಪ್ಪ. ಎದುರು ಮನೆಯ ಗಿರಿಜಾ, ಪ್ರಾಥಮಿಕ ಶಾಲೆಯ ಟೀಚರು, ನನಗಿಂತ ಹತ್ತು ವರ್ಷ ಚಿಕ್ಕವಳು. ಮೈಯಲ್ಲಿ ಮಾತ್ರ ನನ್ನ ಸರಿಸಮ. ನಾವಿಬ್ಬರೂ ಒಂದೇ ಟಾಂಗಾ ಹತ್ತಿದರೆ ಕುದುರೆ ಅಳುತ್ತದೆ ಎಂದು ಓಣಿಯವರು ನಗುತ್ತಿದ್ದರು. ಅವರೆದುರು ನಾವೂ ನಗುತ್ತಿದ್ದೆವು. ಒಳಗೆ ಬಂದ ಮೇಲೆ ಅಳು.

ಮೊಣಕಾಲು ನೋವು ತಾಳಲಾರದೆ ರಾಣೆಬೆನ್ನೂರಿನ ಡಾಕ್ಟರರ ಹತ್ತಿರ ಹೋದೆ. ತೂಕ ಇಳಿಯಲು ಗುಳಿಗೆ ಬರೆದುಕೊಟ್ಟು, ತಿಂಗಳಿಗೊಮ್ಮೆ ಬಂದು ತೋರಿಸಲು ಹೇಳಿದರು. ನಮ್ಮ ಯಜಮಾನರು ಬಿ.ಪಿ. ಗುಳಿಗೆಯನ್ನು ಪಡಸಾಲೆಯಲ್ಲಿ ಎಲ್ಲರೆದುರು ನುಂಗುತ್ತಿದ್ದರು. ನನ್ನದನ್ನು ನಾನು ಬಚ್ಚಲಿಗೆ ಹೋಗಿ ನುಂಗುತ್ತಿದ್ದೆ. ತಿಂದು ತಿಂದು ಊದಿದಳು, ಇಳಿಸಲಿಕ್ಕೂ ಔಷಧ ಬೇಕಾಯಿತು ಎಂದು ಜನ ಆಡಿಕೊಂಡಾರೆಂಬ ಹೆದರಿಕೆ. ಖರೇ ಹೇಳಬೇಕೆಂದರೆ, ನನಗೂ ಒಳಗೊಳಗೆ ಹಾಗೇ ಅನ್ನಿಸುತ್ತಿತ್ತು.

ನಾಲ್ಕು ತಿಂಗಳಲ್ಲಿ ನನ್ನ ಜಂಪರುಗಳನ್ನೆಲ್ಲ ಬಿಚ್ಚಿ ಸಣ್ಣ ಮಾಡಬೇಕಾಯಿತು. ಹೆಂಗಸರು ಬಂದು ಗುಟ್ಟು ಕೇಳತೊಡಗಿದರು. ರಾತ್ರಿ ಊಟ ಬಿಟ್ಟಿದ್ದೇನೆ, ಮನಸ್ಸು ಗಟ್ಟಿ ಇರಬೇಕು ಅಷ್ಟೇ ಎಂದೆ. ಹೊಗಳಿಕೆ ಯಾರಿಗೆ ಬೇಡ? ನನಗಂತೂ ತಲೆಗೇ ಏರಿತ್ತು.

ಗಿರಿಜಾ ನಂಬಿದಳು. ಅವಳೂ ರಾತ್ರಿ ಊಟ ಬಿಟ್ಟಳು. ಸೋಮವಾರಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ ಬಂದು ಸೊಂಟದ ಅಳತೆ ನೋಡಿಸಿಕೊಳ್ಳುತ್ತಿದ್ದಳು. ಆಮೇಲೆ ಒಂದು ತಾಸು ನಮ್ಮ ಹರಟೆ. ಎಷ್ಟು ಚೆಂದದ ಸಂಜೆಗಳವು! ಆದರೆ ಸೊಂಟ ಅರ್ಧ ಇಂಚು ಇಳಿದು ಅಲ್ಲಿಗೇ ನಿಂತಿತು. ಆಗ ಮಧ್ಯಾಹ್ನದ ರೊಟ್ಟಿಯನ್ನೂ ಬಿಟ್ಟಳು. ಇನ್ನೂ ಸ್ವಲ್ಪ ಗಟ್ಟಿಯಾಗು ಎಂದು ನಾನು ಟೇಪು ಹಿಡಿದುಕೊಂಡೇ ಬುದ್ಧಿ ಹೇಳುತ್ತಿದ್ದೆ. ಎಂಥ ನಾಲಿಗೆ ನನ್ನದು!

ಒಂದು ಸೋಮವಾರ ಅಳತೆ ಕೊಡುತ್ತ ನಿಂತವಳು ಹಾಗೇ ಕುಸಿದುಬಿದ್ದಳು. ಹೊಲಿಗೆ ಯಂತ್ರದ ಅಂಚು ಬಡಿದು ಹಣೆ ಒಡೆಯಿತು. ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು ಮುಖಕ್ಕೆ ನೀರು ಚಿಮುಕಿಸಿದೆ. ಕಣ್ಣು ತೆರೆದವಳು ಮೊದಲು ಕೇಳಿದ್ದು, “ಎಷ್ಟ್ ಬಂತ್ರಿ ಅಕ್ಕಾ?”

ತಡೆಯಲಾಗಲಿಲ್ಲ. ಬೆಲ್ಲದ ನೀರು ಕುಡಿಸಿ, ಡಾಕ್ಟರರ ಚೀಟಿ ತಂದು ಅವಳ ಕೈಯಲ್ಲಿಟ್ಟು ಎಲ್ಲ ಹೇಳಿಬಿಟ್ಟೆ. ಅವಳು ಚೀಟಿಯನ್ನು ಎರಡು ಸಲ ಓದಿ ಮಡಚಿಟ್ಟಳು.

“ಗುಳಿಗಿ ತಗೊಂಡಿದ್ದು ತಪ್ಪಲ್ಲರಿ ಅಕ್ಕಾ,” ಎಂದಳು ಕಡೆಗೆ. “ನನ್ನ ಮನಸ್ಸ ಗಟ್ಟಿ ಇಲ್ಲ ಅಂತ ದಿನಾ ನನಗ ನಾನ ಬೈಕೊಂಡೇನಿ. ನೀವು ನೋಡ್ಕೋತ ಸುಮ್ನ ಕುಂತ್ರಿ.”

ಮರುದಿನ ಅವಳನ್ನೂ ಕರೆದುಕೊಂಡು ರಾಣೆಬೆನ್ನೂರಿಗೆ ಹೋದೆ. ಡಾಕ್ಟರರು ಅವಳಿಗೆ ಗುಳಿಗೆ ಕೊಡಲಿಲ್ಲ, ಮೊದಲು ಹೊತ್ತಿಗೆ ಸರಿಯಾಗಿ ಉಣ್ಣು ಎಂದರು. ಗಿರಿಜಾ ನನ್ನ ಮೇಲೆ ಮುನಿಸು ಇಟ್ಟುಕೊಳ್ಳಲಿಲ್ಲ. ವರ್ಗವಾಗಿ ಹೋಗುವವರೆಗೂ ಬರುತ್ತಿದ್ದಳು, ಹರಟೆಯೂ ಇತ್ತು. ಅಳತೆ ಮಾತ್ರ ಮತ್ತೆ ಕೇಳಲಿಲ್ಲ.

ಗುಳಿಗೆ ನುಂಗಿದ್ದಕ್ಕೆ ನನಗೀಗ ನಾಚಿಕೆಯಿಲ್ಲ, ಕೇಳಿದವರಿಗೆಲ್ಲ ಹೇಳುತ್ತೇನೆ. ಹಸಿದು ನಿಂತವಳಿಗೆ ಬುದ್ಧಿ ಹೇಳಿದೆನಲ್ಲ, ಅದು ನೆನಪಾದ ದಿನ ಇಂದಿಗೂ ನನಗೆ ಊಟ ಸೇರುವುದಿಲ್ಲ.